ಸ್ಟಾರ್ ಫೆರ್ರಿ: ಸೆಂಟ್ರಲ್ ಬೇಡ, ವಾನ್ ಚಾಯ್ ದೋಣಿ ಹತ್ತಿ

ಹಾಂಗ್‌ಕಾಂಗ್‌ಗೆ ಹೋದವರೆಲ್ಲ ಬಂದರು ದಾಟಿಸುವ ಸ್ಟಾರ್ ಫೆರ್ರಿ ದೋಣಿಯಲ್ಲಿ ಸೆಂಟ್ರಲ್ ಅನ್ನುವ ಕಡೆಗೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ನೀವು ಚಿಮ್ ಶಾ ಚುಯ್‌ನಿಂದ ವಾನ್ ಚಾಯ್ ದೋಣಿ ಹತ್ತಿ. ವಾರದ ದಿನ 5 ಹಾಂಗ್‌ಕಾಂಗ್ ಡಾಲರ್ ಅಷ್ಟೇ. (1966ರಲ್ಲಿ ಇದೇ ಫೆರ್ರಿಯ ಫಸ್ಟ್ ಕ್ಲಾಸ್ ದರ 5 ಸೆಂಟ್ ಏರಿಸಲು ಹೊರಟಿದ್ದಕ್ಕೆ ಊರಲ್ಲಿ ಗಲಭೆಯೇ ಆಗಿತ್ತು!) ಹಿಂದಿನ ದಿನ ನಾನು ‘ಬಂದರಿನ ಇತಿಹಾಸ’ ಅಂತ ಒಂದು ಟೂರಿಗೆ ಇದರ ಎಷ್ಟೋ ಪಟ್ಟು ಸುರಿದಿದ್ದೆ, ಗೈಡ್ ಪುಣ್ಯಾತ್ಮ ಹೇಳಿದ್ದೆಲ್ಲ ಶಾಪಿಂಗ್ ಮಾಲ್ ಪುರಾಣ.

ಮರದ ಸೀಟಿನ ಬೆನ್ನನ್ನು ಆಚೆ ತಳ್ಳಿದರೆ ಸೀಟೇ ದಿಕ್ಕು ಬದಲಿಸುತ್ತದೆ, ಹಲಗೆಯಲ್ಲಿ ನಕ್ಷತ್ರದಾಕಾರಕ್ಕೆ ಜೋಡಿಸಿದ ತೂತುಗಳು. ಬಲಗಡೆ ಕೂರಿ. ಬಾಟಲಿ ತಲೆಕೆಳಗಾಗಿ ನಿಲ್ಲಿಸಿದಂಥ ಕಟ್ಟಡ ಕಾಣುತ್ತದಲ್ಲ, ಅದು ಹಿಂದೆ ಬ್ರಿಟಿಷ್ ಸೇನೆಯ ಮುಖ್ಯ ಕಚೇರಿ, ಈಗ ಚೀನಾ ಸೇನೆಯದು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧನೌಕೆಗಳು ಈ ನೀರಿನಲ್ಲೇ ಲಂಗರು ಹಾಕುತ್ತಿದ್ದವು. ನಾವಿಕರು ಸಣ್ಣ ದೋಣಿಗಳಲ್ಲಿ ಫೆನ್ವಿಕ್ ಪಿಯರ್‌ಗೆ ಇಳಿದು ಸೀದಾ ವಾನ್ ಚಾಯ್ ಬಾರುಗಳಿಗೆ. ಇತ್ತ ಸಂಪಾನ್ ದೋಣಿಗಳಲ್ಲಿ ಬಂದ ಹೆಂಗಸರು ಹಡಗಿನ ಪಕ್ಕಕ್ಕೆ ಬಣ್ಣ ಬಳಿಯುತ್ತಿದ್ದರು. ಕೂಲಿ ಏನು ಗೊತ್ತಾ? ಹಡಗಿನ ಅಡುಗೆಮನೆಯಲ್ಲಿ ಮಿಕ್ಕಿದ್ದು, ಗುಜರಿ ಸಾಮಾನು. ಅದನ್ನೇ ದಡದಲ್ಲಿ ಮಾರಿ ಸಂಸಾರ ನಡೆಸುತ್ತಿದ್ದರು.

1965ರಲ್ಲಿ ಬೀಜಿಂಗ್ ಸಿಟ್ಟಾಯಿತು, ನಮ್ಮ ಪಕ್ಕದಲ್ಲೇ ಅಮೆರಿಕಕ್ಕೆ ಯುದ್ಧದ ನೆಲೆ ಕೊಟ್ಟಿದ್ದೀರಿ ಅಂತ. ಆಗ ಹಾಂಗ್‌ಕಾಂಗ್ ಆಳುತ್ತಿದ್ದ ಬ್ರಿಟಿಷರು, ಅಯ್ಯೋ ಸುಮ್ನೆ ವಿಶ್ರಾಂತಿಗೆ ಬಂದಿದ್ದಾರೆ ಅಂದರು. ಹಡಗುಗಳು ಬರುತ್ತಲೇ ಇದ್ದವು. ಬೀಜಿಂಗ್‌ಗೂ ಹಾಂಗ್‌ಕಾಂಗ್‌ನಿಂದ ಬರುವ ವಿದೇಶಿ ಹಣ ಬೇಕಿತ್ತು, ಗದರಿದ್ದೇ ಜಾಸ್ತಿ, ತಡೆದಿದ್ದು ಕಮ್ಮಿ.

1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಗೆ ಬಂದ ಮೇಲೆ ಅಮೆರಿಕದ ಹಡಗುಗಳನ್ನು ಒಳಗೆ ಬಿಡುವ ಬಿಡದ ಮಾತು ಬೀಜಿಂಗ್‌ನದೇ. 2007ರಲ್ಲಿ ಅಮೆರಿಕದ ಕಿಟ್ಟಿ ಹಾಕ್ ವಿಮಾನವಾಹಕ ನೌಕೆಗೆ ಬೇಡ ಅಂದರು, ನಾವಿಕರ ಮನೆಯವರು ಹಬ್ಬಕ್ಕೆ ಅಂತ ಆಗಲೇ ಹಾಂಗ್‌ಕಾಂಗ್‌ಗೆ ಬಂದಿಳಿದಿದ್ದರು. ಆಮೇಲೆ ಒಪ್ಪಿಗೆ ಕೊಟ್ಟರೂ ಹಡಗು ತಿರುಗಿ ಹೊರಟಾಗಿತ್ತು. 2019ರ ಪ್ರತಿಭಟನೆ ವೇಳೆಯೂ ಎರಡು ಹಡಗುಗಳಿಗೆ ಬಾಗಿಲು ಹಾಕಿದರು.

ಫೆರ್ರಿಯಲ್ಲಿ ಇದನ್ನೆಲ್ಲ ಹೇಳುವ ಒಂದು ಬೋರ್ಡೂ ಇಲ್ಲ, ಅದೊಂದೇ ಬೇಜಾರು. ಸವಾರಿ ಹತ್ತು ನಿಮಿಷಕ್ಕೆ ಮುಗಿಯಿತು. ನಾನು ಇಳಿದವನೇ ಮತ್ತೆ 5 ಡಾಲರ್ ಕೊಟ್ಟು ಅದೇ ದೋಣಿ ಹತ್ತಿದೆ.