ಹೂಪಾತಿಯ ಅಂಚಿನ ಕಳೆ: ಕೈಯಿಂದ ಕೀಳುವುದೇ, ರಟ್ಟು ಹೊದಿಸುವುದೇ, ಕಳೆನಾಶಕವೇ?

ನಮ್ಮ ಹೂಪಾತಿಯ ಅಂಚಿನಲ್ಲಿ ಪಾರ್ಥೇನಿಯಂ, ಗರಿಕೆ ಮತ್ತು ಜೇಕು ಒಟ್ಟಿಗೆ ಬೇರೂರಿದ್ದವು. ಆದ್ದರಿಂದ ಅಂಚನ್ನು ಮೂರು ತುಂಡಾಗಿ ವಿಂಗಡಿಸಿ, ಒಂದರಲ್ಲಿ ಕೈಯಿಂದ ಕಿತ್ತು, ಇನ್ನೊಂದಕ್ಕೆ ರಟ್ಟು ಹೊದಿಸಿ, ಮತ್ತೊಂದಕ್ಕೆ ಗ್ಲೈಫೊಸೇಟ್ ಎಂಬ ಕಳೆನಾಶಕ ಬಳಸಿ ಒಂದು ವರ್ಷ ಹೋಲಿಸಿ ನೋಡಿದೆ.

ಪಾರ್ಥೇನಿಯಂ ವಿಷಯದಲ್ಲಿ ಕೈಗೆ ಸಾಟಿಯಿಲ್ಲ. ಆಳವಾಗಿ ಸೀಳಿದ ಎಲೆ ಮತ್ತು ಚಿಕ್ಕ ಬಿಳಿ ಹೂಗಳಿಂದ ಗುರುತು ಸಿಗುವ ಈ ಗಿಡದ ತಾಯಿಬೇರು ಮಳೆ ಬಿದ್ದ ಮರುದಿನ ಸಲೀಸಾಗಿ ಕಿತ್ತು ಬರುತ್ತದೆ. ಆದರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಡುವ ಮೊದಲೇ ಕೀಳಬೇಕು. ಇದು ಮೈಗೆ ತಾಗಿದರೆ ಚರ್ಮ ಕೆರೆಯುತ್ತದೆ, ಪರಾಗದಿಂದ ಉಬ್ಬಸ ಕೆರಳಬಹುದು. ಮೊದಲ ದಿನ ಬರಿಗೈಯಲ್ಲಿ ಕಿತ್ತ ನಾನು ವಾರವಿಡೀ ತುರಿಸಿಕೊಂಡೆ. ಆಮೇಲೆ ಕೈಗವಸು, ತುಂಬುತೋಳಿನ ಅಂಗಿ, ಮುಖಗವಸು ಇಲ್ಲದೆ ಮುಟ್ಟಲಿಲ್ಲ.

ಜೇಕಿನ ಮುಂದೆ ಅದೇ ಕೈ ಸೋತಿತು. ಹುಲ್ಲಿನಂತೆ ಕಂಡರೂ ಇದರ ಹೂದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತವೆ. ನೆಲದೊಳಗೆ ದಾರದಂಥ ಕಾಂಡಗಳು ಗೆಡ್ಡೆಗಳನ್ನು ಸರದಂತೆ ಪೋಣಿಸಿರುತ್ತವೆ. ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಹಟಕ್ಕೆ ಬಿದ್ದು ಗುದ್ದಲಿಯಿಂದ ಕೆದಕಿದಾಗ ಸರ ತುಂಡಾಗಿ, ಒಂದಿದ್ದಲ್ಲಿ ನಾಲ್ಕು ಮೊಳೆತವು.

ರಟ್ಟಿನ ಹೊದಿಕೆ ಗರಿಕೆಗೆ ಒಗ್ಗಿತು, ಏಕೆಂದರೆ ಬಿಸಿಲಿಲ್ಲದೆ ಅದು ಸೊರಗುತ್ತದೆ. ಆದರೂ ಅಂಚಿನಿಂದ ನುಸುಳುವ ಕಾಂಡ ಗಿಣ್ಣುಗಿಣ್ಣಿಗೂ ಬೇರು ಬಿಡುವುದರಿಂದ ರಟ್ಟನ್ನು ಪಾತಿಗಿಂತ ಅಗಲವಾಗಿ ಹಾಸಬೇಕಾಯಿತು. ನೆನೆದು ಮೆತ್ತಗಾದ ರಟ್ಟನ್ನು ಜೇಕಂತೂ ಚುಚ್ಚಿಕೊಂಡೇ ಹೊರಬಂತು.

ಗ್ಲೈಫೊಸೇಟ್ ಎಲೆಯಿಂದ ಬೇರಿನವರೆಗೆ ಇಳಿಯುವುದರಿಂದ ಸೊಂಪಾಗಿ ಬೆಳೆಯುತ್ತಿದ್ದ ಜೇಕಿನ ಮೇಲೆ ಮೂರರಲ್ಲಿ ಹೆಚ್ಚು ಪರಿಣಾಮ ತೋರಿದ್ದು ಅದೇ. ಮಲಗಿದ್ದ ಗೆಡ್ಡೆಗಳು ಮಾತ್ರ ಮತ್ತೆ ಚಿಗುರಿದವು. ಗ್ಲೈಫೊಸೇಟ್‌ಗೆ ಕಳೆ ಯಾವುದು, ಹೂಗಿಡ ಯಾವುದು ಎಂಬ ಭೇದವಿಲ್ಲ: ಗಾಳಿಗೆ ತೂರಿದ ಹನಿ ತಾಗಿ ನನ್ನ ಗುಲಾಬಿಯ ಹೊಸ ಚಿಗುರು ದಾರದಂತೆ ಸಣ್ಣಗಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಹಲವು ನಿಯಂತ್ರಣ ಸಂಸ್ಥೆಗಳು ಈ ತೀರ್ಮಾನವನ್ನು ಒಪ್ಪಿಲ್ಲ. ನಾನಂತೂ ಸಿಂಪಡಿಸುವುದನ್ನು ಬಿಟ್ಟು, ಬೇರೆ ದಾರಿ ಕಾಣದ ಜೇಕಿನ ಎಲೆಗೆ ಮಾತ್ರ ಕುಂಚದಿಂದ ಸವರುತ್ತೇನೆ.

ಕಿತ್ತ ಗೆಡ್ಡೆ ಮತ್ತು ಗರಿಕೆಯ ಗಿಣ್ಣುಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ಗಟ್ಟಿ ನೆಲದ ಮೇಲೆ ಸುಕ್ಕುಗಟ್ಟುವವರೆಗೆ ಒಣಗಿಸುತ್ತೇನೆ.