ಸಿಲಿಕೋನ್ ಶೀಟಿನಿಂದ ಗ್ಯಾಸ್ಕೆಟ್: ಕತ್ತರಿ, ಕಂಪಾಸು, ಪಂಚು, ಲೇಸರು, ಡೈ

ಮೈಸೂರಿನ ಹೋಟೆಲುಗಳ ಇಡ್ಲಿ ಸ್ಟೀಮರ್ ರಿಪೇರಿ ನನ್ನ ಕೆಲಸ. ಬಾಗಿಲಿಗೆ ಹೊಂದುವ ಗ್ಯಾಸ್ಕೆಟ್ಟು ರೆಡಿಮೇಡ್ ಸಿಗುವುದು ಅಪರೂಪ, 3 ಮಿ.ಮೀ. ಶೀಟು ತಂದು ನಾವೇ ಕೊಯ್ದುಕೊಳ್ಳುತ್ತೇವೆ. 200 ಡಿಗ್ರಿ ಒಣ ಬಿಸಿಯನ್ನು ಆರಾಮಾಗಿ ತಡೆಯುವ ಸಿಲಿಕೋನ್ ಬ್ಲೇಡಿನ ಮುಂದೆ ಮಾತ್ರ ಮಹಾ ಹಟಮಾರಿ. ಒತ್ತಿದರೆ ತಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. (ಹೆಚ್ಚು ಒತ್ತಡದ ಬಾಯ್ಲರ್ ಲೈನಿಗೆ ಇದನ್ನು ಹಾಕಬೇಡಿ, ಆ ಸ್ಟೀಮಿಗೆ ಬಾಳಿಕೆ ಬರುವುದಿಲ್ಲ.)

ಕತ್ತರಿ ನೇರ ಪಟ್ಟಿಗೆ ಸಾಕು. ತಿರುವಿನಲ್ಲಿ ಕತ್ತರಿ ಬಾಯಿ ತೆರೆದು ಮುಚ್ಚಿದಲ್ಲೆಲ್ಲ ಸಣ್ಣ ಮೆಟ್ಟಿಲು ಬೀಳುತ್ತದೆ. ಸಿಲಿಕೋನ್ ಹರಿಯಲು ಶುರುವಾಗುವುದೇ ಅಂಥ ಕಚ್ಚಿನಿಂದ.

ದುಂಡನೆಯದಕ್ಕೆ ನನ್ನ ಓಟು ಬ್ಲೇಡಿರುವ ಕಂಪಾಸ್ ಕಟ್ಟರಿಗೆ. ಅದರ ಮುಳ್ಳು ಚುಚ್ಚುವುದು ನಡುವಿನ ಬೇಡದ ಭಾಗಕ್ಕೆ, ಹಾಗಾಗಿ ತೂತಿನ ಚಿಂತೆಯಿಲ್ಲ. ಮೊದಲು ಹೊರಸುತ್ತು, ಆಮೇಲೆ ಒಳಸುತ್ತು. ಒಳಗಿನದನ್ನು ಮೊದಲು ಕೊಯ್ದರೆ ನಡುವಿನ ಬಿಲ್ಲೆ ಕಳಚಿ ಕೇಂದ್ರವೇ ಹೋಗುತ್ತದೆ. ಹೊರಸುತ್ತು ಬಿಟ್ಟುಕೊಂಡ ಮೇಲೆ ಶೀಟು ಬ್ಲೇಡಿನ ಜೊತೆಗೇ ತಿರುಗಲು ನೋಡುತ್ತದೆ, ಅಂಗೈಯಲ್ಲಿ ಅದುಮಿ ಹಿಡಿಯಬೇಕು. ಒಂದೇ ಏಟಿಗೆ ಆಳಕ್ಕಿಳಿಸದೆ, ಸೋಪಿನ ನೀರು ಸವರಿ ಮೆಲ್ಲಗೆ ನಾಲ್ಕೈದು ಸುತ್ತು ಹಾಕಿದರೆ ಅಂಚು ಗಾಜಿನಂತೆ ನುಣ್ಣಗೆ ಬರುತ್ತದೆ. ಶೀಟನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಎನ್ನುವವರಿದ್ದಾರೆ. ಮೈನಸ್ 50ರಲ್ಲೂ ಮೆತ್ತಗಿರುವ ವಸ್ತುವಿಗೆ ಮನೆಯ ಫ್ರೀಜರಿನ ಮೈನಸ್ 18 ಯಾವ ಲೆಕ್ಕ?

ಬೋಲ್ಟಿನ ತೂತುಗಳನ್ನು ಕೈಯಲ್ಲೇ ಮಾಡುವುದಾದರೆ ಹಾಲೋ ಪಂಚನ್ನು (ಸುತ್ತಿಗೆಯಿಂದ ಹೊಡೆಯುವ, ಬಾಯಿ ಹರಿತವಾದ ಟೊಳ್ಳು ಕೊಳವೆ) ಬಿಟ್ಟರೆ ಬೇರೆ ದಾರಿಯಿಲ್ಲ. ಡ್ರಿಲ್ಲಿನ ಬಿಟ್ ಶೀಟನ್ನು ಕಿತ್ತು ಹಾಕುತ್ತದೆ. ಪಂಚಿನ ಕೆಳಗೆ ನೈಲಾನ್ ಹಲಗೆ ಇರಲಿ. ಕಬ್ಬಿಣದ ಮೇಲಿಟ್ಟು ಹೊಡೆದರೆ ಪಂಚಿನ ಬಾಯಿ ಮೊಂಡಾಗುತ್ತದೆ, ಮೆತ್ತನೆ ಮರದ ಮೇಲಾದರೆ ಶೀಟು ಒಳಗೆ ಹೂತು ಕೆಳಗಿನ ಅಂಚು ಜೂಲಾಗುತ್ತದೆ. 3 ಮಿ.ಮೀ.ವರೆಗೆ ತೂತು ಚೊಕ್ಕ. 6 ಮಿ.ಮೀ. ಶೀಟು ಏಟಿಗೆ ಉಬ್ಬುವುದರಿಂದ ತೂತಿನ ಬಾಯಿ ಒಂದಳತೆ, ನಡು ಇನ್ನೊಂದಳತೆ.

ಲೇಸರಿಗೆ ಅಕ್ರಿಲಿಕ್ ನಾಮಫಲಕ ಕೊಯ್ಯುವವರ ಹತ್ತಿರ ಹೋಗುತ್ತೇನೆ. ಬೇಕಾದದ್ದು ಸಿಒ2 ಲೇಸರು, ಲೋಹ ಕೊಯ್ಯುವ ಫೈಬರ್ ಲೇಸರಲ್ಲ. ಮೂಲೆ, ಕೊಕ್ಕೆ, ಹತ್ತಾರು ತೂತು ಏನೇ ಇರಲಿ, ಡ್ರಾಯಿಂಗ್ ಫೈಲ್ ಕೊಟ್ಟರೆ ಅಳತೆ ತಪ್ಪುವುದಿಲ್ಲ. ಆದರೆ ಅಂಚಿಗೆ ಬಿಳಿ ಪುಡಿ ಕೂರುತ್ತದೆ. ಅದು ಸಿಲಿಕಾ, ಸೋಪಿನ ನೀರಲ್ಲಿ ಉಜ್ಜಿ ತೊಳೆಯದೆ ಊಟದ ಮೆಷಿನ್ನಿಗೆ ಹಾಕುವಂತಿಲ್ಲ. ಇನ್ನೊಂದು, ಅಂಗಡಿಯವರು ಸಿಲಿಕೋನ್ ಎಂದು ಕೊಟ್ಟದ್ದೆಲ್ಲ ಸಿಲಿಕೋನ್ ಅಲ್ಲ. ಚೂರು ಸುಟ್ಟು ನೋಡಿ, ಬಿಳಿ ಬೂದಿ ಉಳಿದರೆ ಸರಿ. ಕಪ್ಪು ಮಸಿ ಬಂದರೆ ಲೇಸರಿಗೆ ಕೊಡಬೇಡಿ. ಅದು ಪಿವಿಸಿಯೋ ನಿಯೋಪ್ರೀನ್ ರಬ್ಬರೋ ಇರಬಹುದು, ಅವುಗಳಲ್ಲಿ ಕ್ಲೋರಿನ್ ಇರುತ್ತದೆ, ಅದರ ಹೊಗೆ ಮೆಷಿನ್ನನ್ನೂ ಶ್ವಾಸಕೋಶವನ್ನೂ ತಿನ್ನುತ್ತದೆ.

ಒಂದೇ ಅಳತೆ ಪದೇ ಪದೇ ಬೇಕಾದಾಗ ಡೈ, ಅಂದರೆ ಒತ್ತಿ ಕೊಯ್ಯುವ ಅಚ್ಚು. ಊದುಬತ್ತಿ ಪೆಟ್ಟಿಗೆಗಳಿಗೆ ಡೈ ಮಾಡುವವರೇ ಪ್ಲೈವುಡ್ಡಿನಲ್ಲಿ ಉಕ್ಕಿನ ಪಟ್ಟಿ ಬಗ್ಗಿಸಿ ಕೂರಿಸಿ ಕೊಡುತ್ತಾರೆ. ಪ್ರೆಸ್ಸಿನಲ್ಲಿ ಒಂದು ಒತ್ತು, ಒಂದು ಗ್ಯಾಸ್ಕೆಟ್ಟು. ಒಂದೆರಡು ಪೀಸಿಗೆ ಮಾಡಿಸಿದರೆ ದಂಡ. ಹೆಚ್ಚು ಓಡುವ ಬಾಗಿಲಿನ ಅಳತೆಗಷ್ಟೇ ನಾನು ಡೈ ಇಟ್ಟುಕೊಂಡಿರುವುದು, ಮಿಕ್ಕಿದ್ದೆಲ್ಲ ಕಂಪಾಸು ಮತ್ತು ಪಂಚಿನಲ್ಲೇ ನಡೆಯುತ್ತದೆ.