ಡಿಡಿಯು, ಹೊಸ ವಿಂಡೋಸ್, ದೊಡ್ಡ ಪಿಎಸ್‌ಯು, ರ‍್ಯಾಮ್: ನಾಲ್ಕರಲ್ಲಿ ನನ್ನ ಪಿಸಿಗೆ ಯಾವ್ದು ವರ್ಕ್ ಆಯ್ತು

ದುಡ್ಡು ಸುರಿದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ಮೇಲೆ ಗೇಮ್ ಮುಂಚೆಗಿಂತ ಜಾಸ್ತಿ ಜರ್ಕ್ ಹೊಡಿಯೋಕೆ ಶುರುವಾದ್ರೆ ಎಷ್ಟು ಹೊಟ್ಟೆ ಉರಿಯತ್ತೆ ಅಂತ ಅನುಭವಿಸಿದೋರಿಗೇ ಗೊತ್ತು. ನಂದು ರೈಜನ್ 5 3600, ಬಿ450 ಬೋರ್ಡ್, ಹಳೇ ಜಿಟಿಎಕ್ಸ್ 1650. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳಿದು ಎಸ್‌ಪಿ ರೋಡಿಗೆ ನಡ್ಕೊಂಡು ಹೋಗಿ (ಗಾಡಿ ತಗೊಂಡ್ ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಸಂಜೆ ಆಗತ್ತೆ) ಆರ್‌ಟಿಎಕ್ಸ್ 3060 ತಂದೆ, ಹಂಗೇ ಇದ್ದ ಎರಡು 8 ಜಿಬಿ 2666 (ಸ್ಪೀಡಿನ ನಂಬರ್) ರ‍್ಯಾಮ್ ಸ್ಟಿಕ್ ಎಕ್ಸ್‌ಚೇಂಜಿಗೆ ಕೊಟ್ಟು 16 ಜಿಬಿದು ಒಂದೇ 3200 ಸ್ಟಿಕ್ ತಗೊಂಡೆ, ಮುಂದೆ ಇನ್ನೊಂದು ಹಾಕಿ 32 ಮಾಡ್ಕೊಳ್ಳೋಣ ಅಂತ.

ಕೌಂಟರ್ ಸ್ಟ್ರೈಕ್ 2 ಹಾಕ್ದೆ. ಆವರೇಜ್ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರೆ ಚಿತ್ರ, ಬರತ್ತೆ ಅನ್ನೋದು) 140, 1650ರಲ್ಲಿ 135 ಇತ್ತು. ಸರಿ ಹಾಳಾಗೋಗ್ಲಿ ಅನ್ನಬೋದು, ಆದ್ರೆ ಒನ್ ಪರ್ಸೆಂಟ್ ಲೋ ಅಂತಾರಲ್ಲ (ಅತೀ ನಿಧಾನ ಇರೋ ಒಂದು ಪರ್ಸೆಂಟ್ ಫ್ರೇಮ್‌ಗಳ ಎಫ್‌ಪಿಎಸ್), ಅದು 70ರಿಂದ 41ಕ್ಕೆ ಬಿದ್ದಿತ್ತು. ಯಾರಾದ್ರೂ ಸ್ಮೋಕ್ (ಹೊಗೆ ಬಾಂಬ್) ಎಸೆದ್ರೆ ಸಾಕು, ಪರದೆ ಒಂದು ಕ್ಷಣ ನಿಂತೇ ಬಿಡೋದು, ಕಣ್ಣು ಬಿಡೋಷ್ಟರಲ್ಲಿ ನಾನು ಸತ್ತಿರ್ತಿದ್ದೆ.

ಮೂರು ಜನ ಮೂರು ಮದ್ದು ಹೇಳಿದ್ರು. ಒಟ್ಟಿಗೆ ಎಲ್ಲಾ ಮಾಡಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ ಅಂತ ಒಂದೊಂದಾಗಿ ಮಾಡಿ, ಪ್ರತೀ ಸಲ ಡಸ್ಟ್ 2 ಮ್ಯಾಪಲ್ಲಿ ಬಾಟ್‌ಗಳ ಜೊತೆ ಐದು ನಿಮಿಷ ಆಡಿ, ಆಫ್ಟರ್‌ಬರ್ನರ್ ತೋರಿಸಿದ ನಂಬರ್ ಹಾಲಿನ ಲೆಕ್ಕದ ಬುಕ್ಕಲ್ಲಿ ಬರ್ಕೊಂಡೆ. ಇದು ಮನೆ ಲೆಕ್ಕ, ಲ್ಯಾಬ್ ಟೆಸ್ಟ್ ಅಲ್ಲ.

ಮೊದಲು ಡಿಡಿಯು, ಅಂದ್ರೆ ಕಾರ್ಡಿನ ಡ್ರೈವರ್ ಬೇರುಸಮೇತ ಅಳಿಸೋ ಸಾಫ್ಟ್‌ವೇರ್. ಚಿಕ್ಕಮ್ಮನ ಮಗ "ಅಣ್ಣಾ, ಹಳೇ ಡ್ರೈವರ್ ಕಸ ಉಳ್ಕೊಂಡಿದೆ, ಡಿಡಿಯು ಹೊಡಿ" ಅಂದ. ನೆಟ್ ಕಿತ್ತು ಸೇಫ್ ಮೋಡಲ್ಲಿ ಡ್ರೈವರ್ ಪೂರ್ತಿ ಅಳಿಸಿ ಹೊಸದು ಹಾಕೋದು, ಅಷ್ಟೇ. ನೆಟ್ ಕೀಳದಿದ್ರೆ ಮಧ್ಯದಲ್ಲಿ ವಿಂಡೋಸೇ ತನಗೆ ತೋಚಿದ ಡ್ರೈವರ್ ತಂದು ಕೂರಿಸಿಬಿಡತ್ತೆ. ಇಪ್ಪತ್ತು ನಿಮಿಷದ ಕೆಲಸ, ದುಡ್ಡಿಲ್ಲ. ಬಂದಿದ್ದು 144, ಲೋ 43. ಅಂದ್ರೆ ಏನೂ ಇಲ್ಲ. ಎಎಂಡಿ ಕಾರ್ಡಿಂದ ಎನ್ವಿಡಿಯಾಗೆ ಹೋಗಿದ್ರೆ ಇದನ್ನ ಕಣ್ಮುಚ್ಚಿ ಮಾಡಿ ಅಂತೀನಿ, ಎನ್ವಿಡಿಯಾದಿಂದ ಎನ್ವಿಡಿಯಾಗೇ ಹೋದೋರು ಇದ್ರ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ.

ಆಮೇಲೆ ಹೊಸ ವಿಂಡೋಸ್, ಆಫೀಸ್ ಫ್ರೆಂಡ್ ಸಲಹೆ. ನಾಲ್ಕರಲ್ಲಿ ಅತೀ ದುಬಾರಿ ಬಿದ್ದಿದ್ದು ಇದೇ, ದುಡ್ಡಲ್ಲಿ ಅಲ್ಲ, ನೆಮ್ಮದಿಲಿ. ಅರ್ಧದಲ್ಲಿ ಕರೆಂಟ್ ಹೋಯ್ತು, ಯುಪಿಎಸ್ ಎರಡು ಸಲ ಕೀ ಕೀ ಅಂದು ಮಲಗ್ತು, ಮತ್ತೆ ಮೊದಲಿಂದ. ಗೇಮ್‌ಗಳು ಬೇರೆ ಡ್ರೈವಲ್ಲಿದ್ವು, ಸ್ಟೀಮ್‌ಗೆ ಆ ಫೋಲ್ಡರ್ ತೋರಿಸಿದ್ರೆ ಸಾಕಾಯ್ತು, ಮತ್ತೆ ಡೌನ್‌ಲೋಡ್ ಮಾಡೋ ಕರ್ಮ ಬರ್ಲಿಲ್ಲ. ಆದ್ರೆ ಅಪ್ಪನ ನುಡಿ ಹೋಯ್ತು! ಅವರು ಬಡಾವಣೆ ಸಂಘದ ಪತ್ರ ಎಲ್ಲಾ ನುಡಿಲೇ ಟೈಪ್ ಮಾಡೋದು, ಫಾಂಟ್ ಇಲ್ದೆ ತೆಗೆದ್ರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, "ಏನ್ ಮಾಡ್ದೆ ನನ್ ಫೈಲಿಗೆ" ಅಂತ ಒಂದು ವಾರ ಬೈಸ್ಕೊಂಡೆ. ಸಾಲದ್ದಕ್ಕೆ ಮಾನಿಟರ್ 144 ಹರ್ಟ್ಸ್‌ದು 60ಕ್ಕೆ ಕೂತಿತ್ತು, ಡಿಸ್‌ಪ್ಲೇ ಸೆಟ್ಟಿಂಗ್ ನೋಡೋವರೆಗೆ ಗೊತ್ತೇ ಆಗ್ಲಿಲ್ಲ. ಇಷ್ಟೆಲ್ಲಾ ಆಗಿ 149, ಲೋ 46.

ಪಿಎಸ್‌ಯು (ಪಿಸಿಗೆ ಪವರ್ ಕೊಡೋ ಡಬ್ಬ) ಕಥೆ ಬೇಗ ಮುಗಿಸ್ತೀನಿ. ಒಂದು ಅಂಗಡಿಯೋರು "ಸರ್, ಪವರ್ ಸಾಲ್ತಿಲ್ಲ, 750 ವ್ಯಾಟ್ ಹಾಕ್ಸಿ" ಅಂದ್ರು. 3060 ತಿನ್ನೋದು 170 ವ್ಯಾಟ್, 3600 ಅಂದ್ರೆ 65 ವ್ಯಾಟಿನ ಪ್ರೊಸೆಸರ್, ನನ್ನ ಹತ್ರ 550 ಇದೆ, ಎನ್ವಿಡಿಯಾ ಹೇಳೋದೂ ಅಷ್ಟೇ. ಪವರ್ ಸಾಲದಿದ್ರೆ ಸಾಮಾನ್ಯವಾಗಿ ಪಿಸಿ ಪಟ್ ಅಂತ ಆಫ್ ಆಗತ್ತೆ ಇಲ್ಲ ರೀಸ್ಟಾರ್ಟ್ ಆಗತ್ತೆ, ಸ್ಮೋಕ್ ಬಿದ್ದಾಗ ಮಾತ್ರ ಲೆಕ್ಕ ಇಟ್ಟು ಜರ್ಕ್ ಹೊಡಿಯಲ್ಲ. ತಮ್ಮನ ಫ್ರೆಂಡಿಂದ ಒಂದು 650 ಕಡ ತಂದು ಹಾಕಿ ನೋಡ್ದೆ, ಒಂದು ಫ್ರೇಮೂ ಏರ್ಲಿಲ್ಲ.

ಕಣ್ಣು ತೆರೆಸಿದ್ದು ಬೇರೆ ವಿಷಯ. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದ್ರೂ ಎಫ್‌ಪಿಎಸ್ ಅಲ್ಲಾಡ್ಲಿಲ್ಲ, ಜಿಪಿಯು (ಕಾರ್ಡ್) ಯೂಸೇಜ್ 50 ಪರ್ಸೆಂಟ್ ಆಸುಪಾಸಲ್ಲೇ ತೂಕಡಿಸ್ತಿತ್ತು. ಕಾರ್ಡಿಗೆ ಕೆಲಸ ಕಮ್ಮಿ ಮಾಡಿದ್ರೂ ಫ್ರೇಮ್ ಏರ್ಲಿಲ್ಲ ಅಂದ್ರೆ ತಡ ಆಗ್ತಿರೋದು ಕಾರ್ಡಲ್ಲಲ್ಲ, ಪ್ರೊಸೆಸರ್ ಇಲ್ಲಾಂದ್ರೆ ರ‍್ಯಾಮ್ ಕಡೆ. ಸಿಪಿಯು-ಝಡ್ (ಪಿಸಿ ಭಾಗಗಳ ವಿವರ ತೋರಿಸೋ ಸಾಫ್ಟ್‌ವೇರ್) ತೆಗೆದೆ: ಚಾನೆಲ್ (ರ‍್ಯಾಮಿಂದ ಪ್ರೊಸೆಸರಿಗೆ ಡೇಟಾ ಹೋಗೋ ದಾರಿ) ಸಿಂಗಲ್, ಫ್ರೀಕ್ವೆನ್ಸಿ 1200. ಡಿಡಿಆರ್ ಅಂದ್ರೆ ಡಬಲ್, ಹಾಗಾಗಿ 2400. ಪೇಪರ್ ಪೆನ್ ತಗೊಂಡು ಕೂತೆ. ಹಳೇ 2666 ಎರಡು ಸ್ಟಿಕ್ ಡ್ಯುಯಲ್ ಚಾನೆಲಲ್ಲಿ ಸೆಕೆಂಡಿಗೆ ಹತ್ರ ಹತ್ರ 42.7 ಜಿಬಿ ಸಾಗಿಸೋದು, ನಾನು "ಅಪ್‌ಗ್ರೇಡ್" ಮಾಡಿ ತಂದ ಒಂಟಿ ಸ್ಟಿಕ್ 19.2. ಅರ್ಧಕ್ಕಿಂತ ಕಮ್ಮಿ! ನಾಲ್ಕು ಲೇನ್ ರೋಡನ್ನ ನಾನೇ ದುಡ್ಡು ಕೊಟ್ಟು ಗಲ್ಲಿ ಮಾಡ್ಕೊಂಡಿದ್ದೆ.

ಬಯಾಸಲ್ಲಿ ಎಕ್ಸ್‌ಎಂಪಿ ಆನ್ ಮಾಡ್ದೆ (ರ‍್ಯಾಮನ್ನ ಅದರ ಮೇಲೆ ಬರೆದಿರೋ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್; ಅಸುಸ್ ಬೋರ್ಡಲ್ಲಿ ಡಿಓಸಿಪಿ ಅಂತ ಇರತ್ತೆ, ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ), 3200 ಬಂತು, 163, ಲೋ 57. ಎರಡು ನಿಮಿಷ, ಮೂರು ಕಾಸು ಖರ್ಚಿಲ್ಲ. ಮಾರನೇ ಶನಿವಾರ ಮತ್ತೆ ಎಸ್‌ಪಿ ರೋಡು, ಅದೇ ಮಾಡೆಲ್ ಇನ್ನೊಂದು ಸ್ಟಿಕ್. ಖುಷಿಲಿ ಮೊದಲಿನದರ ಪಕ್ಕದ ಸ್ಲಾಟಿಗೇ ಒತ್ತಿ ಕೂರಿಸಿದೆ, 32 ಜಿಬಿ ತೋರಿಸ್ತು, ಚಾನೆಲ್ ಮಾತ್ರ ಸಿಂಗಲ್ಲೇ. ತಲೆ ಚಚ್ಕೊಂಡು ಬೋರ್ಡ್ ಪುಸ್ತಕ ತೆಗೆದು ನೋಡಿದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದು ಅಂತಿದೆ. ಬದಲಾಯಿಸಿದೆ. 204, ಲೋ 88. ಸ್ಮೋಕ್ ಒಳಗೆ ನುಗ್ಗಿ ಓಡಾಡಿದ್ರೂ ಬೆಣ್ಣೆ.

ನನ್ನ ತೀರ್ಪು ಕೇಳಿದ್ರೆ, ಎಕ್ಸ್‌ಎಂಪಿ ಮತ್ತೆ ಸ್ಲಾಟ್ ನೋಡದೇ ವಿಂಡೋಸ್ ಮುಟ್ಟಲೇಬೇಡಿ. ಆದ್ರೆ ಇದು ಎಲ್ಲಾ ಗೇಮಿಗೂ ಅಲ್ಲ. ಸೈಬರ್‌ಪಂಕ್ 2077 ಹೈ ಸೆಟ್ಟಿಂಗಲ್ಲಿ ಹಾಕಿದಾಗ ಜಿಪಿಯು ಮೊದಲಿಂದಲೂ 97-98ರಲ್ಲೇ ಓಡ್ತಿತ್ತು, ಅಲ್ಲಿ ಎರಡನೇ ಸ್ಟಿಕ್ ಹಾಕಿದ್ಮೇಲೆ ಮೂರೋ ನಾಲ್ಕೋ ಫ್ರೇಮ್ ಏರಿರಬೋದು, ಅಷ್ಟೇ.